ಬಾಣಂತಿ ನೀರಿನ ಮೀಟರು

ಮಾವ,

ತೀರ್ಥರೂಪರಿಗೆ ಎಂದು ಶುರುಮಾಡಿ ನಮಸ್ಕಾರ ಹೇಳಬೇಕಿತ್ತು. ಮದುವೆಯಾದ ಹೊಸತರಲ್ಲಿ ತವರಿನಿಂದ ನಿಮಗೆ ಬರೆದ ಕಾಗದಗಳಲ್ಲಿ ಹಾಗೆಯೇ ಬರೆಯುತ್ತಿದ್ದೆ. ಇವತ್ತು ಆ ಶಬ್ದಕ್ಕೆ ಕೈ ಬರಲಿಲ್ಲ. ನಿಮ್ಮ ಉತ್ತರಕ್ರಿಯೆ, ಬೊಜ್ಜದ ಊಟ ಎಲ್ಲ ಮುಗಿದು ನಾಲ್ಕು ದಿನವಾಯಿತು. ನೆಂಟರೆಲ್ಲ ಹೋದರು, ಬಾಡಿಗೆ ಪಾತ್ರೆ ತೊಳೆದು ವಾಪಸು ಕಳಿಸಿಯಾಯಿತು, ಊಟ ಮುಗಿಸಿ ಅತ್ತೆ ಒಳಗೆ ಮಲಗಿದ್ದಾರೆ. ನಾನು ಬರೆಯಲು ಕುಳಿತಿದ್ದೇನೆ. ವಿಷಯ ಒಂದೇ. ನಿಮ್ಮ ಮಗಳು ವಿಮಲನ ಬೆನ್ನು ಸುಟ್ಟದ್ದು ಕಮಲಕ್ಕ ಅಲ್ಲ. ಬಾಣಂತಿಯರಿಗೆ ನೀರೆರೆದು ಬದುಕುತ್ತಿದ್ದ ಆ ಹೆಂಗಸಿನ ಮುಖಕ್ಕೆ ನಮ್ಮ ಮನೆಯವರು ಮಸಿ ಬಳಿದೆವು, ಆರು ವರ್ಷ ಅವರು ಅದನ್ನು ಹೊತ್ತುಕೊಂಡು ಇದೇ ರಸ್ತೆಯಲ್ಲಿ ಓಡಾಡಿದರು. ಅವರ ತಪ್ಪಲ್ಲ ಎಂದು ನನಗೆ ಗೊತ್ತಿತ್ತು. ನಿಮಗೆ... ಇರಲಿ, ಅದಕ್ಕೂ ಬರುತ್ತೇನೆ.

ಹಮೀದ್ ನಮ್ಮ ಮನೆಗೆ ಮೊದಲ ಸಲ ಬಂದ ದಿನ ನೆನಪಿದೆಯೇ? ಪುತ್ತೂರಿನ ಬಸ್‌ಸ್ಟ್ಯಾಂಡ್ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಹಮೀದ್, ಕಡಬದ ಬಸ್ಸಿಳಿದು, ಬಗಲಲ್ಲಿ ಒಂದು ಮರದ ಪೆಟ್ಟಿಗೆ ಅವುಚಿಕೊಂಡು ಅಂಗಳಕ್ಕೆ ಬಂದ. ನೀವು ಹೈಸ್ಕೂಲಿನಿಂದ ರಿಟೈರಾಗಿ ಎರಡು ತಿಂಗಳಾಗಿತ್ತು. ವಿಜ್ಞಾನದ ಮಾಸ್ಟ್ರಿಗೆ ಬೆತ್ತ ತೋರಿಸಲು ಮಕ್ಕಳಿಲ್ಲ, ಬರೆಯಲು ಕರಿಹಲಗೆ ಇಲ್ಲ, ಇಡೀ ದಿನ ಜಗಲಿಯ ಕುರ್ಚಿ. "ಎಂತ ಮಾಸ್ಟ್ರೆ, ಬಚ್ಚಲಿಗೂ ರೇಡಿಯೋ ಬೇಕಾ?" ಎಂದು ಹಮೀದ್ ನಗಾಡಿದ. ನೀವು ನಗಲಿಲ್ಲ. "ರೇಡಿಯೋ ಅಲ್ಲ ಮಾರಾಯ. ಹಂಡೆಯಲ್ಲಿ ನೀರು ಎಷ್ಟು ಬಿಸಿ ಉಂಟು ಅಂತ ನಂಗೆ ಇಲ್ಲೇ ಕೂತಲ್ಲಿ ಗೊತ್ತಾಗ್ಬೇಕು. ಸೌದೆ ಎಷ್ಟು ದಂಡ ಆಗ್ತದೆ, ಗೊತ್ತುಂಟಾ ನಿಂಗೆ?" ಎಂದಿರಿ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾನು, ದಿನಾ ಆ ಒಲೆಗೆ ಸೌದೆ ಹಾಕುತ್ತಿದ್ದವಳು, ಆ ಮಾತು ಕೇಳಿಸಿಕೊಂಡೆ.

ನೀವಿಬ್ಬರೂ ಸೇರಿ ಎರಡು ದಿನ ಬಚ್ಚಲುಮನೆಯನ್ನು ನಮ್ಮಿಂದ ಕಿತ್ತುಕೊಂಡಿರಿ. ತಾಮ್ರದ ಸಣ್ಣ ಕೊಳವೆಯೊಳಗೆ ಉದ್ದಿನಕಾಳಿನಷ್ಟು ಕರಿಯ ತುಂಡೊಂದನ್ನು ಕೂರಿಸಿ, ಬಾಯಿ ಮುಚ್ಚಿ, ಹಂಡೆಯೊಳಗೆ ಇಳಿಬಿಟ್ಟಿರಿ. ಅಂಥದೇ ಇನ್ನೊಂದನ್ನು ಹೊಗೆ ಹೋಗುವ ಕೊಳವೆಯ ಮೈಗೆ ತಂತಿ ಸುತ್ತಿ ಕಟ್ಟಿದಿರಿ. ಅಲ್ಲಿಂದ ಗೋಡೆಯುದ್ದಕ್ಕೂ ವಯರು, ಜಗಲಿಯಲ್ಲಿ ನಿಮ್ಮ ಕುರ್ಚಿಯ ಪಕ್ಕ ಪೆಟ್ಟಿಗೆ. ಪೆಟ್ಟಿಗೆಯ ಮುಖಕ್ಕೊಂದು ಗಾಜು, ಗಾಜಿನೊಳಗೆ ಮುಳ್ಳು, ಕೆಳಗೆ ತಿರುಗಿಸುವ ಗುಬ್ಬಿ: ಎಡಕ್ಕೆ ತಿರುಗಿಸಿದರೆ ನೀರು, ಬಲಕ್ಕೆ ತಿರುಗಿಸಿದರೆ ಹೊಗೆ. ಶಾಲೆಯಿಂದ ಬರುವಾಗ ತಂದಿದ್ದ ಥರ್ಮಾಮೀಟರನ್ನು ಹಂಡೆಯಲ್ಲಿ ಅದ್ದಿ ಅದ್ದಿ ನೋಡಿ, ಮುಳ್ಳಿನ ಹಿಂದಿನ ಕಾಗದದ ಮೇಲೆ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ ಗೆರೆ ಎಳೆದಿರಿ. ತಣ್ಣಗೆ, ಉಗುರುಬೆಚ್ಚಗೆ, ಸ್ನಾನಕ್ಕೆ, ಕುದಿ. ಸ್ನಾನಕ್ಕೂ ಕುದಿಗೂ ನಡುವೆ ಒಂದು ಕೆಂಪು ಗೆರೆ ಎಳೆದು ‘ಬಾಣಂತಿ’ ಎಂದು ಬರೆದಿರಿ. ವಿಮಲ ಆಗ ಏಳು ತಿಂಗಳ ಬಸುರಿ, ಚೊಚ್ಚಲ ಹೆರಿಗೆಗೆ ಮಂಡೆಕೋಲಿನ ಗಂಡನ ಮನೆಯಿಂದ ಬರುವವಳಿದ್ದಳು.

ಸತ್ಯ ಹೇಳುತ್ತೇನೆ, ಆ ಪೆಟ್ಟಿಗೆ ನನಗೆ ಇಷ್ಟವಾಗಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದವಳು ನಾನು. ಹಮೀದ್ ಹೋದ ಮೇಲೆ ಅದರ ಹಿಂದಿನ ಮುಚ್ಚಳ ಬಿಚ್ಚಿ ನೋಡುತ್ತಿದ್ದವಳನ್ನು ನೀವು ಹಿಡಿದಿರಿ. ಬೈಯುತ್ತೀರಿ ಅಂದುಕೊಂಡೆ. ಬೈಯಲಿಲ್ಲ, ಕೂರಿಸಿ ಪಾಠ ಹೇಳಿದಿರಿ. "ಈ ಕರಿ ತುಂಡಿಗೆ ಥರ್ಮಿಸ್ಟರ್ ಅಂತ ಹೆಸರು. ಬಿಸಿ ಆದಷ್ಟೂ ಇದು ಕರೆಂಟಿಗೆ ದಾರಿ ಬಿಡುದು. ಜಾಸ್ತಿ ಕರೆಂಟು ಹೋದ್ರೆ ಮುಳ್ಳು ಮೇಲೆ." ಕರೆಂಟು ಎಲ್ಲಿಂದ ಎಂದು ಕೇಳಿದೆ. ಒಳಗಿನ ಎರಡು ಟಾರ್ಚು ಸೆಲ್ಲು ತೋರಿಸಿದಿರಿ. "ಹಾಗಾದ್ರೆ ಸೆಲ್ ಇಳಿದ್ರೆ ಮಾವ?" ಎಂದೆ. ನಿಮ್ಮ ಮುಖ ಅರಳಿತು. "ನೋಡಿದ್ದಿಯಾ! ನಿನ್ನ ಗಂಡನಿಗೆ ಈ ಪ್ರಶ್ನೆ ಹೊಳೀಲಿಲ್ಲ. ಸೆಲ್ ಇಳಿದ್ರೆ ನೀರು ಕುದೀತಾ ಇದ್ರೂ ಮುಳ್ಳು ಕೆಳಗೇ ನಿಲ್ಲುದು. ಹಮೀದ್ ಅದನ್ನೇ ಹೇಳಿ ಹೋದ. ಸೆಲ್ ಇಳಿಯ್ಲಿಕ್ಕೆ ಬಿಡ್ಬಾರ್ದು" ಎಂದಿರಿ. ಈ ಮನೆಯಲ್ಲಿ ನನ್ನನ್ನು ಒಬ್ಬರು ಬುದ್ಧಿವಂತೆ ಎಂದದ್ದು ಅದೇ ಮೊದಲು. ಈಗ ನೆನೆದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ನೀವು ಕಲಿಸಿದ್ದನ್ನು ನಾನು ಎಷ್ಟು ಚೆನ್ನಾಗಿ ಉಪಯೋಗಿಸಿಕೊಂಡೆ!

ಪೆಟ್ಟಿಗೆ ಬಂದ ವಾರದೊಳಗೆ ನಿಮ್ಮ ಕೂಗು ಶುರುವಾಯಿತು. "ಸುಮತೀ, ಕೊಳವೆ ಸುಡ್ತಾ ಉಂಟು, ನೀರು ಏರ್ಲಿಲ್ಲ! ಸೌದೆ ಎಂತಕ್ಕೆ ದಂಡ ಮಾಡುದು?" "ಸುಮತೀ, ಬೆಂಕಿ ನಂದಿತಾ ಎಂತ? ನಿದ್ದೆಯಾ?" ಬಚ್ಚಲುಮನೆಯ ಹೊರಗೋಡೆಯಲ್ಲಿದ್ದ ಒಲೆಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಕಣ್ಣುಮೂಗಲ್ಲಿ ನೀರು ಸುರಿಸುತ್ತ ಊದುಕೊಳವೆ ಊದುವವಳು ನಾನು. ಜಗಲಿಯಲ್ಲಿ ಕಾಲಮೇಲೆ ಕಾಲು ಹಾಕಿ ಗುಬ್ಬಿ ತಿರುಗಿಸುವವರು ನೀವು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಹಂಡೆಯಿಂದ ನೀರು ತೆಗೆದು ತಣ್ಣೀರು ತುಂಬಿದರೆ ಮುಳ್ಳು ಇಳಿಯುತ್ತಿತ್ತಲ್ಲ. ಅದನ್ನು ನೋಡಿ ಯಾರು ಯಾವಾಗ ಬಚ್ಚಲಿಗೆ ಹೋದರು, ಎಷ್ಟು ನೀರು ಹೊಯ್ದುಕೊಂಡರು ಎಂದು ಹೇಳಲು ಶುರುಮಾಡಿದಿರಿ. "ಇವತ್ತು ನಿನ್ನ ಸ್ನಾನ ಭಾರಿ ಉದ್ದ ಆಯ್ತಲ್ಲ ಸುಮತಿ" ಎಂದು ಬಂದವರ ಎದುರು ಹೇಳಿದಿರಿ. ಅವರು ನಕ್ಕರು. ಥೂ! ಮಗನ ಹೆಂಡತಿ ಮೈಮೇಲೆ ಎಷ್ಟು ಚೊಂಬು ನೀರು ಹಾಕಿಕೊಂಡಳು ಎಂಬುದು ಒಬ್ಬ ಗಂಡಸಿಗೆ, ಅದೂ ಊರಿಗೆಲ್ಲ ಪಾಠ ಹೇಳಿದ ಗಂಡಸಿಗೆ, ಮಾತಾಡುವ ವಿಷಯವೇ? ಆಮೇಲೆ ಬಟ್ಟೆ ಬಿಚ್ಚುವಾಗಲೆಲ್ಲ ಹಂಡೆಯೊಳಗಿನ ಆ ಕೊಳವೆಯತ್ತ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಅದಕ್ಕೆ ಕಣ್ಣಿಲ್ಲ ಎಂದು ಗೊತ್ತಿದ್ದೂ.

ವಿಮಲ ಹೆತ್ತಳು, ಹೆಣ್ಣು ಮಗು. ನೀರೆರೆಯಲು ಕಮಲಕ್ಕ ಬಂದರು. ನಮ್ಮ ಗ್ರಾಮದಲ್ಲಿ ಕಮಲಕ್ಕನ ಕೈಯಲ್ಲಿ ನೀರು ಹಾಕಿಸಿಕೊಳ್ಳದ ಬಾಣಂತಿ ಇದ್ದಳೇ? ಗಂಡ ತೀರಿಹೋದ ಮೇಲೆ ಅದರಿಂದಲೇ ಅವರ ಒಲೆ ಉರಿಯುತ್ತಿತ್ತು. ನೆಕ್ಕಿ ಸೊಪ್ಪು ಹಾಕಿ ಕುದಿಸಿದ ಹಂಡೆಯ ನೀರು ಒಂದು ಪಾಲು, ಪಕ್ಕದ ಮರಿಗೆಯ ತಣ್ಣೀರು ಒಂದು ಪಾಲು, ಬೆರೆಸಿ ಮೊಣಕೈಯ ಒಳಬದಿಗೆ ಸುರಿದುಕೊಂಡು ನೋಡುವುದು, ಆಮೇಲೆ ಎತ್ತರದಿಂದ ಬಾಣಂತಿಯ ಬೆನ್ನಿಗೆ ಚೊಂಬು ಚೊಂಬಾಗಿ ಬೀಸಿ ಹೊಡೆಯುವುದು. ಬಾಣಂತಿ ಕಿರುಚಬೇಕು. ಕಿರುಚಿದರೆ ನೀರು ಸರಿಯಿದೆ ಎಂದು ಲೆಕ್ಕ; ಕಿರುಚದಿದ್ದರೆ ಅತ್ತೆ ಹೊರಗಿನಿಂದಲೇ "ಎಂತ ಕಮಲ, ತಣ್ಣೀರು ಹಾಕ್ತಾ ಇದ್ದಿಯಾ?" ಎಂದು ಕೇಳುತ್ತಿದ್ದರು. ನನ್ನ ಬಾಣಂತನದಲ್ಲಿ ನಾನೂ ಕಿರುಚಿದ್ದೇನೆ. ಯಾರೂ ಬಂದು ನೋಡಿರಲಿಲ್ಲ.

ಒಂಬತ್ತನೆಯ ದಿನ ನೀವು ಬಚ್ಚಲುಮನೆಯ ಬಾಗಿಲಿಗೆ ಬಂದು ನಿಂತದ್ದು, ಆ ಮರಿಗೆ ನೋಡಿ ಮುಖ ಸಿಂಡರಿಸಿದ್ದು ನನ್ನ ಕಣ್ಣಮುಂದಿದೆ. "ತಣ್ಣೀರು ಬೆರೆಸಿದ್ರೆ ಮತ್ತೆ ನನ್ನ ಮೀಟರು ಎಂತಕ್ಕೆ? ಹಂಡೆಯ ನೀರನ್ನೇ ಕೆಂಪು ಗೆರೆಗೆ ತಂದು ನಿಲ್ಲಿಸುದು, ಸೀದಾ ಹಾಕುದು. ದಿನಾ ಒಂದೇ ಬಿಸಿ" ಎಂದಿರಿ. ಕಮಲಕ್ಕ, "ನಂಗೆ ಕೈ ಹೇಳ್ತದೆ ಮಾಸ್ಟ್ರೆ" ಎಂದರು. ನೀವು ಏನು ಹೇಳಿದಿರಿ, ನೆನಪು ಮಾಡಿಕೊಳ್ಳಿ. "ಬೀಡಿ ಎಲೆಗೂ ಸೆಗಣಿಗೂ ಹಾಕಿದ ಕೈ ಅದು. ಅದಕ್ಕೆ ಎಂತ ಗೊತ್ತಾಗ್ತದೆ? ನಿಂಗೆ ಆಗುದಿಲ್ಲ ಅಂದ್ರೆ ಹೇಳು, ಬೇರೆಯವರು ಸಿಗ್ತಾರೆ." ಮರಿಗೆಯನ್ನು ಎಳೆದು ಅಂಗಳಕ್ಕೆ ತಂದು ಬೋರಲು ಹಾಕಿದವಳು ನಾನೇ, ನೀವು ಹೇಳಿದಿರಿ ಎಂದು.

ಇನ್ನು ನನ್ನ ಹೊಲಸು. ನಿಮ್ಮ ಮಗ ನನ್ನ ಟ್ರಾನ್ಸಿಸ್ಟರಿಗೆಂದು ಸುಬ್ರಹ್ಮಣ್ಯದಿಂದ ಹೊಸ ಸೆಲ್ಲು ತಂದಿದ್ದರು. ಮಧ್ಯಾಹ್ನ ಅರ್ಧ ಗಂಟೆ ಹಾಡು ಕೇಳುವುದು, ಅಷ್ಟೇ ಮಾವ ನನ್ನ ಸುಖ. ಮಾರನೆಯ ದಿನ ನೋಡಿದರೆ ಅವು ನಿಮ್ಮ ಪೆಟ್ಟಿಗೆಯೊಳಗೆ ಕೂತಿದ್ದವು. ನನ್ನನ್ನು ಒಂದು ಮಾತು ಕೇಳಿದಿರಾ? ನಾನೂ ಕೇಳಲಿಲ್ಲ. ಸೆಲ್ಲು ಇಳಿದರೆ ಹಪ್ಪಳದ ಪಕ್ಕ ಬಿಸಿಲಿಗಿಟ್ಟು ಮತ್ತೆ ನಾಲ್ಕು ದಿನ ಓಡಿಸುವುದು ನಮ್ಮ ಕಡೆ ಯಾರ ಮನೆಯಲ್ಲಿಲ್ಲ? ಟಾರ್ಚಿನ ಹಳೇ ಎರಡು ಸೆಲ್ಲು ಹಾಗೆ ಒಣಗಿಸಿಟ್ಟದ್ದು ಗೆರಸೆಯಲ್ಲಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ, ನೀವು ಪೇಟೆಗೆ ಹೋಗಿದ್ದಾಗ, ಅವನ್ನು ಪೆಟ್ಟಿಗೆಗೆ ಹಾಕಿ ನನ್ನ ಹೊಸ ಸೆಲ್ಲು ನಾನು ತೆಗೆದುಕೊಂಡೆ. ಮುಳ್ಳು ಕೆಳಗೆ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಇವತ್ತು ಮುದುಕ ಕೂಗಿ ಕೂಗಿ ಸಾಯಲಿ, ಎರಡು ದಿನದ ಸೌದೆ ಒಂದೇ ದಿನ ಉರಿಯಲಿ, ಆಗ ಗೊತ್ತಾಗುತ್ತದೆ ಇವರ ಮೀಟರಿನ ಯೋಗ್ಯತೆ ಎಂದು ಒಳಗೊಳಗೇ ಖುಷಿಪಟ್ಟೆ. ವಿಮಲನ ಸ್ನಾನ ನನ್ನ ತಲೆಗೆ ಬರಲೇ ಇಲ್ಲ ಎಂದರೆ ನೀವು ನಂಬುತ್ತೀರಾ? ನನಗೇ ನಂಬಿಕೆ ಬರುವುದಿಲ್ಲ.

ನೀವು ಪೇಟೆಯಿಂದ ಬಂದು ಕುರ್ಚಿಯಲ್ಲಿ ಕೂತಿರಿ. ಹಂಡೆ ಆಗಲೇ ಹಬೆಯಾಡುತ್ತಿತ್ತು. "ಸುಮತೀ, ಮುಳ್ಳು ಉಗುರುಬೆಚ್ಚಗೆ ದಾಟ್ಲಿಲ್ಲ. ಸೌದೆ ಹಾಕು!" ಹಾಕಿದೆ. "ಇನ್ನೂ ಹಾಕು!" ಹಾಕಿದೆ. ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡು ಹಾಕಿದೆ. ಒಳಗೆ ಕಮಲಕ್ಕ, "ಮಾಸ್ಟ್ರೆ, ಸಾಕು. ಕೈ ತಡೆಯುದಿಲ್ಲ" ಎಂದು ಕೂಗಿದರು. "ಗೆರೆಗೆ ಬರ್ಲಿ, ಇನ್ನೂ ಎರಡು ಬೆರಳು ಉಂಟು" ಎಂದು ನೀವು. ಕೊನೆಗೆ "ಹಾಂ, ಬಂತು, ಹಾಕು ಈಗ" ಎಂದಿರಿ. ನಾನು ಸೌದೆ ಹೊರಗೆಳೆದೆ. ಕಮಲಕ್ಕ ಚೊಂಬು ತುಂಬಿಸಿ ಹಿಡಿದುಕೊಂಡು ನಿಂತರಂತೆ, ಆರಲಿ ಎಂದು. ಅತ್ತೆ ಬಾಗಿಲ ಹೊರಗಿನಿಂದ, "ಎಂತ ನೋಡುದು ಮಾರಾಯ್ತಿ, ಹುಡುಗಿಗೆ ಶೀತ ಆಗ್ತದೆ, ಹಾಕು" ಎಂದರು. ಒಲೆಬಾಯಿಯ ಮುಂದೆ ಕೂತ ನನಗೆ ಅಷ್ಟೂ ಮಾತು ಕೇಳುತ್ತಿತ್ತು. ಬೋರಲು ಬಿದ್ದ ಮರಿಗೆ ಐದು ಮಾರು ದೂರದಲ್ಲಿ ಕಾಣುತ್ತಿತ್ತು. ಆಗ ನನ್ನ ನಗು ನಿಂತಿತು. ಎದ್ದೆ. ಎದ್ದೆ ಎಂದರೆ ಎದ್ದದ್ದು ಅಷ್ಟೇ, ಬಾಯಿ ತೆರೆಯಲಿಲ್ಲ.

ವಿಮಲ ಕಿರುಚಿದಳು. ಯಾರೂ ಅಲುಗಾಡಲಿಲ್ಲ. ಬಾಣಂತಿ ಅಲ್ಲವೇ, ಕಿರುಚುತ್ತಾಳೆ! ನೀವು ಜಗಲಿಯಲ್ಲಿ "ಹಾಂ, ಈಗ ಸರಿಯಾಯ್ತು" ಎಂದಿರಿ. ಎರಡನೆಯ ಚೊಂಬು ಬಿತ್ತು. ಆಮೇಲೆ ಚೊಂಬು ಕಲ್ಲಿಗೆ ಬಡಿದ ಸದ್ದು, ಕಮಲಕ್ಕನ ಬೊಬ್ಬೆ: "ಅಯ್ಯಯ್ಯೋ, ಚರ್ಮ ಬಂತು ಮಾಸ್ಟ್ರೆ, ಚರ್ಮ ಬಂತು!" ಎಲ್ಲರೂ ಹಿಂದಕ್ಕೆ ಓಡಿದರು, ನೀವೂ. ನಾನು ಮಾತ್ರ ಮುಂದಕ್ಕೆ ಓಡಿದೆ. ಜಗಲಿಗೆ ಬಂದು, ಪೆಟ್ಟಿಗೆಯ ಮುಚ್ಚಳ ತೆಗೆದು, ಹಳೇ ಸೆಲ್ಲು ಕಿತ್ತು, ಬೆಳಿಗ್ಗೆಯಿಂದ ಸೊಂಟದಲ್ಲೇ ಇದ್ದ ಹೊಸದು ಹಾಕಿ, ಹಳೇದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಒಳಗೆ ಒಬ್ಬಳು ಹಸಿ ಬಾಣಂತಿ ಸುಟ್ಟುಕೊಂಡು ಬಿದ್ದಿದ್ದಾಳೆ, ನನ್ನ ಕೈ ಸೆಲ್ಲಿನ ತಲೆ ಯಾವ ಕಡೆ, ಬುಡ ಯಾವ ಕಡೆ ಎಂದು ಸರಿಯಾಗಿ ನೋಡಿ ಹಾಕುತ್ತಿತ್ತು!

ನೀವು ವಾಪಸು ಬಂದು ಕುರ್ಚಿ ಹಿಡಿದುಕೊಂಡು ನಿಂತ ಆ ಗಳಿಗೆ ಇದೆಯಲ್ಲ, ಮಾವ, ಅದನ್ನು ನಾನು ಆರು ವರ್ಷದಿಂದ ದಿನಾ ನೋಡುತ್ತಿದ್ದೇನೆ. ಪೆಟ್ಟಿಗೆ ನೋಡಿದಿರಿ. ಐದು ನಿಮಿಷದ ಹಿಂದೆ ಕೆಂಪು ಗೆರೆಯ ಮೇಲೆ ನೀವೇ ಕಣ್ಣಾರೆ ಕಂಡ ಮುಳ್ಳು ಈಗ ಕುದಿಯ ಹತ್ತಿರ ನಿಂತಿತ್ತು. ಸೌದೆ ಹೊರಗೆಳೆದಾಗಿತ್ತು, ಬೆಂಕಿ ಇರಲಿಲ್ಲ. ಬೆಂಕಿ ಇಲ್ಲದೆ ನೀರು ಅಷ್ಟು ಹಾರುತ್ತದೆಯೇ? ಮೂವತ್ತು ವರ್ಷ ಪಾಠ ಹೇಳಿದವರಿಗೆ ಅದು ತಿಳಿಯದೇ? ನೀವು ನನ್ನ ಮುಖ ನೋಡಿದಿರಿ. ಆಮೇಲೆ ನನ್ನ ಸೊಂಟ ನೋಡಿದಿರಿ, ಸೆಲ್ಲು ಸಿಕ್ಕಿಸಿಕೊಂಡು ಉಬ್ಬಿದ್ದ ಸೆರಗನ್ನು. "ಮಾವ..." ಎಂದೆ. ಹೇಳಿಬಿಡುತ್ತಿದ್ದೆನೋ ಏನೋ. ನೀವು ಕೈ ಎತ್ತಿದಿರಿ. "ಒಂದು ಲೋಟ ನೀರು ಕೊಡು ಸುಮತಿ" ಎಂದಿರಿ.

ವಿಮಲನನ್ನು ಬಾಳೆಲೆಯಲ್ಲಿ ಸುತ್ತಿ ಜೀಪಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದ ಮೇಲೆ ನೆರೆಹೊರೆಯವರು ಅಂಗಳದಲ್ಲಿ ಸೇರಿದರು. ನೀವು ಅವರನ್ನು ಜಗಲಿಗೆ ಕರೆದು ಪೆಟ್ಟಿಗೆ ತೋರಿಸಿದಿರಿ. "ನೋಡಿ, ಮೀಟರು ಸರಿಯಾಗಿಯೇ ತೋರಿಸ್ತಾ ಉಂಟು. ನೀರು ಕುದಿಯ ಹತ್ತಿರ ಹೋಗಿದೆ ಅಂತ ತೋರಿಸ್ತಾ ಉಂಟು. ಹಾಕ್ಬೇಡ ಅಂತ ನಾನು ಹೇಳ್ತಾ ಇದ್ದೆ. ಆ ಹೆಂಗಸು ಕೇಳ್ಬೇಕಲ್ಲ?" ಹಾಕು ಎಂದು ಕೂಗಿದ ಬಾಯಿಯೇ ಹಾಗೆ ಹೇಳಿತು! ಅತ್ತೆ ಒಂದು ಸಲ ನಿಮ್ಮನ್ನು ನೋಡಿದರು, ತಲೆ ತಗ್ಗಿಸಿದರು. ಕಮಲಕ್ಕ ಅಂಗಳದ ಮೂಲೆಯಲ್ಲಿ ಒದ್ದೆ ಸೀರೆಯಲ್ಲಿ ನಿಂತಿದ್ದರು. "ಮಾಸ್ಟ್ರೆ, ದೇವರಾಣೆ, ನೀವೇ ಅಲ್ವಾ..." ಎಂದರು. ಯಾರು ನಂಬುತ್ತಾರೆ? ಅತ್ತ ಊರಿಗೆ ದೊಡ್ಡ ಮಾಸ್ಟ್ರು ಮತ್ತು ಯಂತ್ರ, ಇತ್ತ ಬರಿಗೈಯಲ್ಲಿ ಅಳೆಯುವ ಹೆಂಗಸು. ವಾರ ಕಳೆದು ಹಮೀದನನ್ನೂ ಕರೆಸಿದಿರಿ. ಅವನು ಎಲ್ಲ ಬಿಚ್ಚಿ ನೋಡಿ, "ಒಂದು ಚೂರೂ ತಪ್ಪಿಲ್ಲ ಮಾಸ್ಟ್ರೆ" ಎಂದ. ಪಾಪ, ಅವನು ಸುಳ್ಳು ಹೇಳಲಿಲ್ಲ.

ಆಮೇಲೆ ನೀವು ನನಗೆ ಒಳ್ಳೆಯವರಾದಿರಿ. ಅದು ನನಗೆ ಎಲ್ಲಕ್ಕಿಂತ ಹೇಸಿಗೆ. ಜಗಲಿಯಿಂದ ಕೂಗುವುದು ನಿಂತಿತು. ‘ಸುಮತಿ, ಊಟ ಆಯ್ತಾ’ ಎಂದು ಕೇಳಲು ಶುರುಮಾಡಿದಿರಿ. ತಿಂಗಳಿಗೊಮ್ಮೆ ಪೇಟೆಗೆ ಹೋದಾಗ ಎರಡು ಹೊಸ ಸೆಲ್ಲು ತಂದು, ಒಂದು ಮಾತಿಲ್ಲದೆ, ನನ್ನ ಟ್ರಾನ್ಸಿಸ್ಟರಿನ ಪಕ್ಕ ಇಟ್ಟು ಹೋಗುತ್ತಿದ್ದಿರಿ. ನಾನು ತೆಗೆದುಕೊಂಡೆ. ಹಾಕಿಕೊಂಡೆ. ಹಾಡು ಕೇಳಿದೆ. "ಸೊಸೆ ಅಂದ್ರೆ ಮಾಸ್ಟ್ರಿಗೆ ಮಗಳಿಗಿಂತ ಹೆಚ್ಚು" ಎಂದು ನೆಂಟರು ಹೊಗಳುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕಳ್ಳರಿಬ್ಬರು ಒಂದೇ ಎಲೆಯಲ್ಲಿ ಉಂಡ ಹಾಗೆ ಬದುಕಿದೆವು, ಛೀ!

ಕಮಲಕ್ಕನನ್ನು ಯಾವ ಮನೆಯವರೂ ಕರೆಯಲಿಲ್ಲ. ‘ಮಾಸ್ಟ್ರ ಮಗಳನ್ನು ಬೇಯಿಸಿದವಳು’ ಎಂದು ಹೆಸರಾಯಿತು. ಬಿಡುವಿನ ಕೆಲಸವಾಗಿದ್ದ ಬೀಡಿಯೇ ಅವರಿಗೆ ಅನ್ನವಾಯಿತು. ವಾರಕ್ಕೆರಡು ಸಲ ಬೀಡಿ ಕೊಡಲು ನಮ್ಮ ಮನೆಯ ಮುಂದೆಯೇ ಹೋಗುತ್ತಿದ್ದರು. ನೀವು ಪೇಪರು ಎತ್ತಿ ಮುಖಕ್ಕೆ ಹಿಡಿಯುತ್ತಿದ್ದಿರಿ. ನಾನು ಒಳಗೆ ಹೋಗುತ್ತಿದ್ದೆ. ಅವರು ಒಂದು ದಿನವೂ ನಮ್ಮ ಗೇಟಿನ ಕಡೆ ತಿರುಗಿ ಉಗುಳಲಿಲ್ಲ. ಉಗುಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನೀವು ಸತ್ತ ಏಳನೆಯ ದಿನ ನಾನು ಅವರ ಮನೆಗೆ ಹೋದೆ. ಸೂತಕದಲ್ಲಿ ಇನ್ನೊಬ್ಬರ ಮನೆಗೆ ಹೋಗಬಾರದು, ಗೊತ್ತು. ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತೆ. ಅವರು ಮಡಿಲಲ್ಲಿ ಬೀಡಿಯ ಗೆರಸೆ ಇಟ್ಟುಕೊಂಡು ಕೂತಿದ್ದರು. "ಎಂತ ಅಕ್ಕೆರೆ, ಸೂತಕದವರು ಬರ್ಬಾರ್ದಿತ್ತು" ಎಂದರು. ನಾನು ಎಲ್ಲ ಹೇಳಿದೆ, ಸೆಲ್ಲು ತೆಗೆದದ್ದು, ನಕ್ಕದ್ದು, ಮತ್ತೆ ಹಾಕಿದ್ದು. ಅಳುತ್ತಾ ಹೇಳಿದೆ. ಅವರು ಕೈ ನಿಲ್ಲಿಸದೆ ಎರಡು ಬೀಡಿ ಕಟ್ಟಿದರು. ಆಮೇಲೆ ತಲೆ ಎತ್ತಿದರು. "ಇದನ್ನು ನಂಗೆ ಎಂತಕ್ಕೆ ಹೇಳುದು? ನೀರು ಸುಡ್ತದೆ ಅಂತ ಆವತ್ತು ಬೊಬ್ಬೆ ಹೊಡೆದವಳು ನಾನೇ ಅಲ್ವಾ? ನಂಗೆ ಗೊತ್ತಿಲ್ಲದ್ದು ಎಂತ ಉಂಟು ಇದರಲ್ಲಿ? ನಿಮ್ಮ ಎದೆ ಹಗುರ ಮಾಡ್ಲಿಕ್ಕೆ ನನ್ನ ಅಂಗಳವೇ ಆಗ್ಬೇಕಾ? ಗೊತ್ತಿಲ್ಲದವರು ಊರು ತುಂಬ ಇದ್ದಾರೆ, ಅವರಿಗೆ ಹೇಳಿ. ಹೋಗಿ ಅಕ್ಕೆರೆ, ಕಣ್ಣೊರೆಸಿಕೊಂಡು ಹೋಗಿ." ಬಯ್ಯಲಿಲ್ಲ. ನೀರು ಬೇಕಾ ಎಂದೂ ಕೇಳಲಿಲ್ಲ. ಅವರು ಹೇಳಿದ್ದರಲ್ಲಿ ಒಂದು ಶಬ್ದ ತಪ್ಪಿತ್ತೇ?

ನಿಮ್ಮ ಬೊಜ್ಜಕ್ಕೆ ಊರಿಗೆ ಊರೇ ಬಂದಿತ್ತು, ಮಾವ. ಗುಂಡ್ಯದಿಂದ ನಿಮ್ಮ ಹಳೇ ಶಿಷ್ಯರೊಬ್ಬರು ಬಂದು ನಿಮ್ಮ ಬಗ್ಗೆ ನಾಲ್ಕು ಮಾತಾಡಿದರು. ಈ ಸೀಮೆಯಲ್ಲಿ ಬಚ್ಚಲಿಗೆ ವಿಜ್ಞಾನ ತಂದ ಮನುಷ್ಯ ಎಂದರು. ಹೆಂಗಸರ ಪಂಕ್ತಿಗೆ ನಾನು ಸಾರು ಬಡಿಸುತ್ತಿದ್ದೆ. ಪಕ್ಕದ ಮನೆಯ ರುಕ್ಮಿಣಿಯಕ್ಕ, ಅವರ ಮಗಳು ಈಗ ಎಂಟು ತಿಂಗಳ ಬಸುರಿ, ಎಲೆಯ ಮುಂದೆ ಕೂತು ನಿಟ್ಟುಸಿರು ಬಿಟ್ಟರು: "ಎಂಥ ಬುದ್ಧಿವಂತರು ಮಾರಾಯ್ತಿ. ಆ ಕಮಲ ಒಬ್ಳು ಅವರ ಹೆಸರಿಗೆ ಕಲ್ಲು ಹಾಕಿದ್ದು ಬಿಟ್ರೆ..." ನಾನು ಸಾರಿನ ಪಾತ್ರೆ ಕೆಳಗಿಟ್ಟೆ. "ಕಮಲಕ್ಕ ಅಲ್ಲ. ನಾನು" ಎಂದೆ. ಸಣ್ಣ ಸ್ವರದಲ್ಲಿ ಶುರುಮಾಡಿದ್ದು, ಎಲ್ಲಿ ದೊಡ್ಡದಾಯಿತೋ ಗೊತ್ತಿಲ್ಲ. ಆಚೆ ಗಂಡಸರ ಪಂಕ್ತಿಗೂ ಕೇಳಿಸಿತು. ನಿಮ್ಮ ಮಗ ಎದ್ದು ಬಂದು ನನ್ನ ತೋಳು ಹಿಡಿದರು. "ನಿಂಗೆ ಮರ್ಲಾ, ತಲೆ ಕೆಟ್ಟಿದಾ? ಇವತ್ತೇ ಹೇಳ್ಬೇಕಾ ಇದನ್ನು?" ಎಂದರು. ಇವತ್ತೇ ಎಂದೆ. ಪೂರ್ತಿ ಹೇಳಿ ಮುಗಿಸಿದೆ, ನನ್ನ ಪಾಲಿನಷ್ಟು. ನಿಮ್ಮ ಪಾಲು ಮುಟ್ಟಲಿಲ್ಲ. ಮೀಟರು ನೋಡಿ ಮಾವ ಮೋಸ ಹೋದರು ಎಂದಷ್ಟೇ ಹೇಳಿದೆ. ಸತ್ತವರ ಎಡೆಯ ಮುಂದೆ ಅಷ್ಟು ಸಾಕು ಅನಿಸಿತ್ತು.

ರುಕ್ಮಿಣಿಯಕ್ಕ ಅರ್ಧ ಊಟದಲ್ಲೇ ಎದ್ದರು. "ಆರು ವರ್ಷ ಆ ಹೆಂಗಸು ಅಂಗಳಕ್ಕೆ ಬಂದ್ರೆ ನಾವು ಬಾಗಿಲು ಹಾಕ್ತಿದ್ದೆವಲ್ಲ, ನಿನ್ನ ಬಾಯಿಗೆ ಹುಳ ಬೀಳ!" ಎಂದು ನನಗೆ ಹೇಳಿ, ಕೈತೊಳೆದು, ಮನೆಗೆ ಹೋಗದೆ ಸೀದಾ ಕಮಲಕ್ಕನ ಮನೆಯ ಕಡೆ ನಡೆದರು. ಮಗಳ ಬಾಣಂತನಕ್ಕೆ ಕರೆದರಂತೆ. ಯೋಚಿಸಿ ಹೇಳುತ್ತೇನೆ ಎಂದು ಕಮಲಕ್ಕ ಅವರನ್ನು ಎರಡು ದಿನ ಕಾಯಿಸಿದರಂತೆ, ನಿನ್ನೆ ಒಪ್ಪಿದರಂತೆ. ಅತ್ತೆ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ನಿಮ್ಮ ಮಗ ಅಗತ್ಯವಿದ್ದಷ್ಟು ಮಾತಾಡುತ್ತಾರೆ. ಆಗಲಿ.

ವಿಮಲ ಆವತ್ತು ಪಂಕ್ತಿಯ ಕೊನೆಯಲ್ಲಿ ಕೂತಿದ್ದಳು. ಬೆನ್ನು ಪೂರ್ತಿ ಮುಚ್ಚುವ ರವಿಕೆ. ಆರು ವರ್ಷದಿಂದ ಬೇರೆ ಥರದ್ದು ಅವಳು ಹಾಕಿಲ್ಲ. ನಾನು ಹೇಳಿ ಮುಗಿಸುವವರೆಗೂ ಎಲೆಯಿಂದ ಕಣ್ಣು ಎತ್ತಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಅಡುಗೆಮನೆಗೆ ಬಂದು ನನ್ನೆದುರು ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು. "ಅತ್ತಿಗೆ, ಒಂದು ಮಾತು ಕೇಳ್ತೇನೆ" ಎಂದಳು. "ಆಸ್ಪತ್ರೆಯಲ್ಲಿ ಅಪ್ಪ ದಿನಾ ಬಂದು ನನ್ನ ಮಂಚದ ಹತ್ತಿರ ಕೂತ್ಕೊಳ್ತಿದ್ರು. ಕಮಲ ಹೀಗೆ ಮಾಡಿದ್ಲು, ಕಮಲ ಹಾಗೆ ಮಾಡಿದ್ಲು ಅಂತ ಅಳ್ತಿದ್ರು. ನಾನೇ ಅವರ ಕಣ್ಣೊರೆಸ್ತಿದ್ದೆ. ಸೆಲ್ಲಿನ ವಿಷಯ ಅಪ್ಪನಿಗೆ ಗೊತ್ತಿತ್ತಾ?"

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಹಾಲ್‌ನಲ್ಲಿ ನಿಮ್ಮ ಫೋಟೋಕ್ಕೆ ಹಾಕಿದ ಮಾಲೆ ಇನ್ನೂ ಬಾಡಿರಲಿಲ್ಲ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಇಲ್ಲ ಎನ್ನಲಿ ಎಂದು ಬೇಡಿಕೊಳ್ಳುವವಳ ಹಾಗೆ.

ಗೊತ್ತಿತ್ತು ಎಂದೆ, ಮಾವ.

ಸುಮತಿ